ಶನಿವಾರದ ಒಂಬತ್ತು ಲೀಟರ್

ಬಿ.ಇಡಿ. ಎರಡನೇ ವರ್ಷದ ಇಂಟರ್ನ್‌ಶಿಪ್‌ಗೆ ನನಗೆ ಸಿಕ್ಕಿದ್ದು ಶಿರಾ ತಾಲ್ಲೂಕಿನ ಒಂದು ಪ್ರೌಢಶಾಲೆ. ಹದಿನಾರು ವಾರ, ಎಂಟನೇ ತರಗತಿ, ಗಣಿತ ಮತ್ತು ಭೌತವಿಜ್ಞಾನ. ಮುಖ್ಯಶಿಕ್ಷಕರ ಕೊಠಡಿಯ ಪಕ್ಕದ ಜಗುಲಿಯಲ್ಲಿ ಹಳೆಯ ವಿದ್ಯಾರ್ಥಿಗಳು ಕೊಟ್ಟ ಒಂದು ಗಾಜಿನ ಮೀನಿನ ತೊಟ್ಟಿ ಇತ್ತು. ಒಳಗೆ ಹನ್ನೊಂದು ಗಪ್ಪಿ ಮೀನು. ಸೊಳ್ಳೆ ಮರಿ ತಿನ್ನಲೆಂದು ಆರೋಗ್ಯ ಇಲಾಖೆಯವರು ಬಾವಿ, ತೊಟ್ಟಿಗಳಿಗೆ ಬಿಡುತ್ತಾರಲ್ಲ, ಅದೇ ಜಾತಿ. ಗಾಜು ಹಸಿರುಗಟ್ಟಿತ್ತು. ಮೀನು ಕಾಣಬೇಕಾದರೆ ಮುಖವನ್ನು ಗಾಜಿಗೆ ಒತ್ತಿ ನೋಡಬೇಕಿತ್ತು.

ಅದನ್ನು ಯಾರೂ ಬೇಕೆಂದು ಹಾಗೆ ಬಿಟ್ಟಿರಲಿಲ್ಲ. ನೀರು ಬದಲಿಸುವುದೆಂದರೆ ಅಲ್ಲಿ ಒಂದು ದೊಡ್ಡ ಕೆಲಸ. ಮೀನುಗಳನ್ನು ಒಂದೊಂದಾಗಿ ಹಿಡಿದು ಬಕೆಟ್‌ಗೆ ಹಾಕಬೇಕು, ಮಗ್ಗಿನಲ್ಲಿ ನೀರು ತೋಡಬೇಕು, ನಾಲ್ಕು ಜನ ತೊಟ್ಟಿ ಎತ್ತಿ ಅಂಗಳಕ್ಕೆ ಒಯ್ದು ತೊಳೆಯಬೇಕು, ಮತ್ತೆ ತಂದಿಟ್ಟು ತುಂಬಬೇಕು. ಅರ್ಧ ದಿನ ಹೋಗುತ್ತಿತ್ತು, ಜಗುಲಿಯೆಲ್ಲ ಕೆಸರು. ಹೀಗಾಗಿ ಎರಡು ಮೂರು ತಿಂಗಳಿಗೊಮ್ಮೆ, ಯಾರಾದರೂ ಅತಿಥಿಗಳು ಬರುವ ಹಿಂದಿನ ದಿನ, ಆ ಕೆಲಸ ನಡೆಯುತ್ತಿತ್ತು.

ಹೊಸದಾಗಿ ಹೋದ ನನಗೆ ಒಳ್ಳೆಯ ಹೆಸರು ಬೇಕಿತ್ತು. ಮೊದಲ ಶನಿವಾರವೇ, ಮಕ್ಕಳೆಲ್ಲ ಮನೆಗೆ ಹೋದ ಮೇಲೆ, ಇಬ್ಬರು ಸಹ ಪ್ರಶಿಕ್ಷಣಾರ್ಥಿಗಳನ್ನು ಕರೆದುಕೊಂಡು ತೊಟ್ಟಿ ಪೂರ್ತಿ ಖಾಲಿ ಮಾಡಿದೆ. ತಳದ ಕಲ್ಲುಗಳನ್ನು ಬಟ್ಟೆ ಸೋಪಿನ ಪುಡಿ ಹಾಕಿ ಉಜ್ಜಿದೆ. ಫಿಲ್ಟರಿನ ಸ್ಪಂಜನ್ನು ನಲ್ಲಿ ಕೆಳಗೆ ಹಿಡಿದು ಬಿಳಿ ಬರುವ ತನಕ ಹಿಂಡಿದೆ. ನಲ್ಲಿಯಿಂದ ನೇರ ನೀರು ತುಂಬಿದೆ. ತೊಟ್ಟಿ ಕನ್ನಡಿಯಂತೆ ಹೊಳೆಯಿತು. ಮೊಬೈಲಿನಲ್ಲಿ ಫೋಟೋ ತೆಗೆದು ನಮ್ಮ ಬ್ಯಾಚಿನ ಗುಂಪಿಗೂ ಕಳಿಸಿದೆ.

ಸೋಮವಾರ ಬೆಳಿಗ್ಗೆ ಎಂಟು ಮೀನು ಸತ್ತು ತೇಲುತ್ತಿದ್ದವು.

ನಾನು ಶಾಲೆ ತಲುಪುವ ಹೊತ್ತಿಗೆ ತರಗತಿಯ ಅರ್ಧದಷ್ಟು ಮಕ್ಕಳು ತೊಟ್ಟಿಯ ಸುತ್ತ ನಿಂತಿದ್ದರು. ದಿನಾ ಮೀನಿಗೆ ಕಾಳು ಹಾಕುವ ಹುಡುಗನೊಬ್ಬ ನನ್ನ ಮುಖ ನೋಡಿ ಕೇಳಿದ: "ನೀವೇ ತೊಳ್ದಿದ್ದಲ್ವಾ ಮಿಸ್?" ಆ ದಿನದ ಪಾಠಯೋಜನೆ ನನ್ನ ಕೈಯಲ್ಲಿತ್ತು. ಅದರ ಮೊದಲ ಹಂತ 'ತೊಡಗಿಸಿಕೊಳ್ಳುವುದು'. ಅವರಾಗಲೇ ತೊಡಗಿಕೊಂಡಿದ್ದರು, ನನ್ನ ಪಾಠದಲ್ಲಲ್ಲ. "ಹೌದು, ನಾನೇ. ಏನೋ ತಪ್ಪು ಮಾಡಿದೀನಿ, ಏನು ಅಂತ ಗೊತ್ತಿಲ್ಲ" ಎಂದೆ. ಹಿಂದೆ ನಿಂತಿದ್ದ ಮಾರ್ಗದರ್ಶಿ ಶಿಕ್ಷಕರು ಆಮೇಲೆ ಸ್ಟಾಫ್ ರೂಮಿನಲ್ಲಿ ಹೇಳಿದ್ದು ಇಷ್ಟೇ: "ಒಪ್ಪಿಕೊಂಡಿದ್ದು ಸರಿ ಹೋಯ್ತಮ್ಮ. ಈಗ ಕಾರಣ ಹುಡುಕು. ಹುಡುಕೋವಾಗ ಹುಡುಗರೂ ಜೊತೆಗಿರಲಿ."

ಆ ರಾತ್ರಿ ಬೆಂಗಳೂರಿನಲ್ಲಿರುವ ಚಿಕ್ಕಪ್ಪನ ಮಗ, ನನ್ನ ಅಣ್ಣನಿಗೆ ಫೋನು ಮಾಡಿದೆ. ಅವನ ಮನೆಯಲ್ಲಿ ಸಮುದ್ರದ ನೀರಿನ ತೊಟ್ಟಿ ಇದೆ. ಕಿತ್ತಳೆ ಬಣ್ಣದ ಕ್ಲೌನ್ ಮೀನು, ಮೆದು ಹವಳ ಸಾಕಿದ್ದಾನೆ. ಸಮುದ್ರದಿಂದ ಅಷ್ಟು ದೂರದಲ್ಲಿ ಸಮುದ್ರ ಸಾಕುವುದು ಹುಚ್ಚು ಎಂದು ಮನೆಯಲ್ಲಿ ಎಲ್ಲರೂ ನಗುತ್ತಿದ್ದೆವು. ನಾನು ಮಾಡಿದ್ದನ್ನೆಲ್ಲ ಕೇಳಿ ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. "ಕೊಳೆ ತೊಳೆದೆ ಅಂದ್ಕೊಂಡಿದೀಯ. ತೊಟ್ಟಿಯ ಪ್ರಾಣ ತೊಳೆದಿದೀಯ ಕಣೇ" ಎಂದ.

ಮೀನಿನ ಉಸಿರು ಮತ್ತು ಹೊಲಸಿನಿಂದ ನೀರಿಗೆ ಅಮೋನಿಯಾ ಸೇರುತ್ತದೆ. ಅದು ವಿಷ. ಕಲ್ಲು, ಸ್ಪಂಜುಗಳ ಮೇಲೆ ಬೆಳೆದಿರುವ ಒಂದು ಬಗೆಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತದೆ. ಅದೂ ವಿಷವೇ. ಇನ್ನೊಂದು ಬಗೆಯವು ನೈಟ್ರೈಟನ್ನು ನೈಟ್ರೇಟ್ ಮಾಡುತ್ತವೆ. ಇದು ಅಷ್ಟು ಅಪಾಯವಲ್ಲ, ಆದರೆ ದಿನೇ ದಿನೇ ಕೂಡುತ್ತಾ ಹೋಗುತ್ತದೆ. ಹಾಗೆ ಕೂಡಿದ್ದನ್ನು ತೆಗೆಯುವುದಕ್ಕೇ ನೀರು ಬದಲಿಸುವುದು. ಹೊಸ ತೊಟ್ಟಿಯಲ್ಲಿ ಈ ಬ್ಯಾಕ್ಟೀರಿಯಾ ನೆಲೆಗೊಳ್ಳಲು ನಾಲ್ಕರಿಂದ ಆರು ವಾರ ಬೇಕು. ನಾನು ಒಂದು ಮಧ್ಯಾಹ್ನದಲ್ಲಿ ಅವನ್ನು ಸೋಪಿನ ಪುಡಿಯಲ್ಲಿ ತೊಳೆದುಬಿಟ್ಟಿದ್ದೆ. ನಮ್ಮ ಕಡೆಯ ಕೊಳವೆಬಾವಿಯ ನೀರು ಸಾಮಾನ್ಯವಾಗಿ ಗಡಸು, ಪ್ರತ್ಯಾಮ್ಲೀಯ. ಅಂಥ ನೀರಿನಲ್ಲಿ ಅಮೋನಿಯಾದ ವಿಷ ಇನ್ನೂ ಏರುತ್ತದೆ. ಜೊತೆಗೆ ನಲ್ಲಿ ನೀರಿನಲ್ಲಿ ಬ್ಲೀಚಿಂಗ್ ಪೌಡರಿನ ಕ್ಲೋರಿನ್, ಕಲ್ಲಿಗೆ ಅಂಟಿ ಉಳಿದ ಸೋಪು.

"ಹಾಗಾದರೆ ಮೀನು ಸತ್ತಿದ್ದು ಯಾವುದರಿಂದ?" ಎಂದು ಮಾರನೆಯ ದಿನ ತರಗತಿಯಲ್ಲಿ ಕೇಳಿದೆ. ಸೋಪು ಅಂದರು, ಕ್ಲೋರಿನ್ ಅಂದರು, ಅಮೋನಿಯಾ ಅಂದರು. ಕೊನೆಗೆ ಒಬ್ಬಳು, "ಎಲ್ಲಾನೂ ಒಂದೇ ದಿನ ಮಾಡಿದ್ರೆ ಹೆಂಗೆ ಗೊತ್ತಾಗ್ತೈತೆ ಮಿಸ್?" ಅಂದಳು. ಪ್ರಯೋಗದಲ್ಲಿ ಒಂದು ಸಲಕ್ಕೆ ಒಂದೇ ಚರವನ್ನು ಬದಲಿಸಬೇಕು ಎಂದು ನಮ್ಮ ಬೋಧನಾಶಾಸ್ತ್ರದ ತರಗತಿಯಲ್ಲಿ ನಾನು ಬರೆದುಕೊಂಡಿದ್ದೆ. ಅದು ನನಗೆ ಅರ್ಥವಾದದ್ದು ಆ ಪ್ರಶ್ನೆ ಕೇಳಿದಾಗ.

ಅಣ್ಣ ಇನ್ನೊಂದು ಮಾತು ಹೇಳಿದ್ದ. ಅವನು ವಾರಕ್ಕೆ ಶೇಕಡಾ 10ರಷ್ಟು ನೀರು ಮಾತ್ರ ಬದಲಿಸುತ್ತಾನೆ. ಮೊದಮೊದಲು ಬಕೆಟ್ ಹೊತ್ತು, ಲೀಟರಿಗೆ ಸುಮಾರು 35 ಗ್ರಾಂ ಉಪ್ಪು ತೂಗಿ ಕಲಸಿ, ನೆಲ ಒರೆಸಿ ಸಾಕಾಗಿ ವಾರ ತಪ್ಪಿಸುತ್ತಿದ್ದನಂತೆ. ವಾರ ತಪ್ಪಿದಾಗೆಲ್ಲ ಹವಳ ಮುದುಡಿಕೊಳ್ಳುತ್ತಿತ್ತು. ಆಮೇಲೆ ತೊಟ್ಟಿಯ ಪಕ್ಕದಲ್ಲೇ ಒಂದು ಡ್ರಮ್ ಇಟ್ಟು, ಅದಕ್ಕೆ ಗೆರೆ ಹಾಕಿ, ಪೈಪು ಕಾಯಂ ಜೋಡಿಸಿ, ಹಿಂದಿನ ರಾತ್ರಿಯೇ ನೀರು ಸಿದ್ಧ ಮಾಡಿಡುವುದನ್ನು ರೂಢಿ ಮಾಡಿಕೊಂಡ. ಈಗ ಕಾಫಿ ಕುಡಿಯುವಷ್ಟರಲ್ಲಿ ಮುಗಿಯುತ್ತದೆ. "ಸುಲಭ ಮಾಡ್ಕೊಂಡಿಲ್ಲಾಂದ್ರೆ ನೀನು ಮಾಡಲ್ಲ. ಮಾಡದೇ ಬಿಟ್ಟು ಒಂದಿನ ಎಲ್ಲಾ ಒಟ್ಟಿಗೆ ಮಾಡ್ತೀಯ. ಆಗ ಸಾಯ್ತವೆ."

ಈ ಮಾತು ಹಿಡಿದು ಕಪ್ಪುಹಲಗೆಯ ಮೇಲೆ ಒಂದು ಪ್ರಶ್ನೆ ಬರೆದೆ: 'ನೀರು ಬದಲಿಸುವುದು ಯಾಕೆ ಕಷ್ಟ?' ಮಕ್ಕಳು ಹೇಳಿದ್ದನ್ನೆಲ್ಲ ಬರೆಯುತ್ತಾ ಹೋದೆ. ತೊಟ್ಟಿ ಭಾರ. ಮೀನು ಹಿಡಿಯಲು ಆಗಲ್ಲ. ನೆಲ ಒದ್ದೆಯಾಗುತ್ತೆ. ಕೊಡ ಹೊತ್ತು ಮೆಟ್ಟಿಲು ಹತ್ತಬೇಕು. ಯಾವ ದಿನ ಅಂತಿಲ್ಲ. ಯಾರು ಅಂತಿಲ್ಲ. ಒಟ್ಟು ಆರು. ಒಂದೊಂದನ್ನೇ ಅಳಿಸುವುದು ನಮ್ಮ ಕೆಲಸ ಎಂದೆ.

ಮೊದಲು ಲೆಕ್ಕ. ತೊಟ್ಟಿಯ ಉದ್ದ 60 ಸೆಂಟಿಮೀಟರ್, ಅಗಲ 30, ನೀರು ನಿಲ್ಲುವ ಎತ್ತರ 25. ಗುಣಿಸಿದರೆ 45,000 ಘನ ಸೆಂಟಿಮೀಟರ್, ಅಂದರೆ 45 ಲೀಟರ್. ಲೀಟರಿಗೆ ಒಂದು ಕಿಲೋ ಎಂದರೆ ನೀರೇ 45 ಕಿಲೋ. ಅದರ ಶೇಕಡಾ 20 ಎಂದರೆ 9 ಲೀಟರ್, ಎತ್ತರದಲ್ಲಿ 5 ಸೆಂಟಿಮೀಟರ್. ಗಾಜಿನ ಹೊರಗೆ 25ರಲ್ಲಿ ಒಂದು, 20ರಲ್ಲಿ ಒಂದು ಗೆರೆ ಎಳೆದರು. ಇನ್ನು ಅಳೆಯುವ ಕೆಲಸವಿಲ್ಲ. ಮೇಲಿನ ಗೆರೆಯಿಂದ ಕೆಳಗಿನ ಗೆರೆಗೆ ನೀರು ಇಳಿದರೆ ಸಾಕು. ತೊಟ್ಟಿ ಎತ್ತುವುದು, ಮೀನು ಹಿಡಿಯುವುದು ಎರಡೂ ಹಲಗೆಯಿಂದ ಅಳಿಸಿಹೋದವು.

ಇಳಿಸುವುದು ಹೇಗೆ? ನನ್ನ ಪಾಠಯೋಜನೆಯಲ್ಲಿ ಸೈಫನ್ ಇತ್ತು, ಚಿತ್ರವೂ ಇತ್ತು. ಪೈಪಿನ ತುದಿಯನ್ನು ಬಾಯಲ್ಲಿ ಎಳೆದು ತೋರಿಸಲು ಹೋದೆ. ಮೂರನೇ ಬೆಂಚಿನಲ್ಲಿ ಯಾವಾಗಲೂ ಸುಮ್ಮನೆ ಕೂರುವ ಹುಡುಗಿಯೊಬ್ಬಳು ಎದ್ದು ನಿಂತು, "ಬಾಯಲ್ಲಿ ಎಳೀಬೇಡಿ ಮಿಸ್, ಹೊಲಸು ನೀರು" ಎಂದಳು. ಅವಳ ತಂದೆ ಗಾರೆ ಕೆಲಸದ ಮೇಸ್ತ್ರಿ. ಮಾರನೆಯ ದಿನ ಅವರ ಹಳೆಯ ಲೆವೆಲ್ ಪೈಪು ತಂದಳು. ಗೋಡೆಯ ಎರಡು ತುದಿಯ ಮಟ್ಟ ನೋಡಲು ಗಾರೆಯವರು ನೀರು ತುಂಬಿ ಹಿಡಿಯುವ ಪಾರದರ್ಶಕ ಪೈಪು ಅದು. ಪೂರ್ತಿ ಪೈಪನ್ನು ಬಕೆಟ್‌ನಲ್ಲಿ ಮುಳುಗಿಸಿ, ಒಂದು ತುದಿಯಿಂದ ಶುರು ಮಾಡಿ ನಿಧಾನವಾಗಿ ಗಾಳಿ ಹೊರಡಿಸಿ, ಎರಡೂ ತುದಿಗೆ ಹೆಬ್ಬೆರಳು ಒತ್ತಿ ಹಿಡಿದಳು. ಒಂದು ತುದಿ ತೊಟ್ಟಿಯೊಳಗೆ, ಇನ್ನೊಂದು ನೆಲದ ಮೇಲಿನ ಬಕೆಟ್‌ಗೆ. ಬೆರಳು ಬಿಟ್ಟಳು. ನೀರು ಹರಿಯಿತು. "ಒಳಗೆ ಗುಳ್ಳೆ ಇರಬಾರ್ದು. ಗುಳ್ಳೆ ಇದ್ರೆ ಮಟ್ಟ ಸುಳ್ಳು ಹೇಳ್ತೈತೆ ಅಂತಾರೆ ನಮ್ಮಪ್ಪ" ಎಂದಳು. ಇಡೀ ತರಗತಿ ಅವಳನ್ನು ನೋಡುತ್ತಿತ್ತು. ಆ ದಿನ ಒತ್ತಡದ ಪಾಠ ಮಾಡಿದವಳು ಅವಳು. ಪಕ್ಕದಲ್ಲಿ ನಿಂತು ಬಕೆಟ್ ಹಿಡಿದುಕೊಂಡಿದ್ದವಳು ನಾನು.

ಸೈಫನ್ನಿನ ವಿವರಣೆಗೆ ಇದಕ್ಕಿಂತ ಒಳ್ಳೆಯ ಉಪಕರಣ ಸಿಗಲಾರದು. ಪೈಪಿನ ಹೊರಗಿನ ಉದ್ದ ಭಾಗದ ನೀರಿನ ತೂಕ ಒಳಗಿನ ಗಿಡ್ಡ ಭಾಗದ್ದಕ್ಕಿಂತ ಹೆಚ್ಚು. ಅದು ಕೆಳಗಿಳಿಯುವಾಗ ಮೇಲಿನ ಬಾಗಿನಲ್ಲಿ ಒತ್ತಡ ತಗ್ಗುತ್ತದೆ. ತೊಟ್ಟಿಯ ನೀರಿನ ಮೇಲಿರುವ ಗಾಳಿಯ ಒತ್ತಡ ನೀರನ್ನು ಪೈಪಿನೊಳಕ್ಕೆ ತಳ್ಳುತ್ತದೆ. ಬಕೆಟ್ಟನ್ನು ಸ್ಟೂಲಿನ ಮೇಲಿಟ್ಟು ನೋಡಿದರು, ಹರಿವು ನಿಧಾನವಾಯಿತು. ನೆಲಕ್ಕಿಟ್ಟರೆ ಜೋರಾಯಿತು. ಗಡಿಯಾರ ಹಿಡಿದು ನೋಡಿದಾಗ 9 ಲೀಟರ್ ಇಳಿಯಲು ಎರಡೂವರೆ ನಿಮಿಷ ಹಿಡಿಯಿತು. ಮೀನು ಸೇರದಂತೆ ಒಳತುದಿಗೆ ಸೊಳ್ಳೆಪರದೆಯ ತುಂಡು ಕಟ್ಟಿದರು. ಆ ತುದಿಯನ್ನು ಕಲ್ಲುಗಳ ನಡುವೆ ಆಡಿಸಿದರೆ ತಳದ ಹೊಲಸು ತಾನೇ ಹೊರಗೆ ಬರುತ್ತಿತ್ತು. ಕಲ್ಲು ತೊಳೆಯುವ ಕೆಲಸವೇ ಉಳಿಯಲಿಲ್ಲ. ಸ್ಪಂಜನ್ನು ಮಾತ್ರ ತಿಂಗಳಿಗೊಮ್ಮೆ, ಹೊರಗೆ ತೆಗೆದ ಅದೇ ಹಳೆ ನೀರಿನಲ್ಲಿ ಅದ್ದಿ ಹಿಂಡುವುದು. ಬ್ಯಾಕ್ಟೀರಿಯಾ ಉಳಿಯುತ್ತವೆ. ತೆಗೆದ ನೀರು ಕೈತೋಟದ ಕರಿಬೇವಿಗೆ, ನುಗ್ಗೆಗೆ. ಮೀನಿಗೆ ಬೇಡವಾದ ನೈಟ್ರೇಟ್ ಗಿಡಕ್ಕೆ ಗೊಬ್ಬರ. ಕೊಡ ನೀರಿಗೆ ಲೆಕ್ಕವಿಡುವ ಊರಿನಲ್ಲಿ ಇದು ಸಣ್ಣ ವಿಷಯವಲ್ಲ.

ಹೊಸ ನೀರು ತುಂಬುವುದಕ್ಕೆ ಒಬ್ಬ ಹುಡುಗ ದಾರಿ ತೋರಿಸಿದ. ತೊಟ್ಟಿಗಿಂತ ಎತ್ತರದ ಕಿಟಕಿ ಕಟ್ಟೆಯ ಮೇಲೆ ಖಾಲಿ ಬಕೆಟ್ ಇಟ್ಟು, ಶುಕ್ರವಾರ ಸಂಜೆ ಎಲ್ಲರೂ ತಲಾ ಒಂದು ಚೆಂಬು ನೀರು ಹಾಕಿ ಹೋಗುವುದು. ತುಂಬಿದ ಬಕೆಟ್ಟನ್ನು ಯಾರೂ ಎತ್ತುವಂತಿಲ್ಲ. ಮುಚ್ಚದೆ ಇಟ್ಟ ನೀರಿನಿಂದ ರಾತ್ರಿಯಲ್ಲಿ ಕ್ಲೋರಿನ್ ಹೋಗುತ್ತದೆ. ತೊಟ್ಟಿಯ ನೀರಿಗೂ ಬಕೆಟ್ಟಿನದಕ್ಕೂ ಬಿಸಿ ಒಂದೇ ಆಗಿರುತ್ತದೆ. ಶನಿವಾರ ಬೆಳಿಗ್ಗೆ ಅದೇ ಪೈಪಿನಲ್ಲಿ ತೊಟ್ಟಿಗೆ ಇಳಿಸಿದರಾಯಿತು. ಹೀಗೆ ಆರೂ ಅಡಚಣೆ ಹಲಗೆಯಿಂದ ಹೋದವು.

ಗಣಿತದ ಅವಧಿಯಲ್ಲಿ ಒಂದು ಪ್ರಶ್ನೆ ಕೊಟ್ಟೆ. ವಾರಕ್ಕೆ ಶೇಕಡಾ 20ರಂತೆ ಐದು ವಾರ ಬದಲಿಸಿದರೆ ಹಳೆಯ ನೀರು ಎಷ್ಟು ಉಳಿಯುತ್ತದೆ? "ಸೊನ್ನೆ" ಎಂದು ತರಗತಿಯೇ ಕೂಗಿತು. ಇಪ್ಪತ್ತೈದಲ ನೂರು. ಒಂದು ಲೋಟ ಕಾಫಿ ಡಿಕಾಕ್ಷನ್ ತರಿಸಿ, ಐದನೇ ಒಂದು ಭಾಗ ಚೆಲ್ಲಿ ಅಷ್ಟೇ ನೀರು ಸೇರಿಸುತ್ತಾ ಹೋದೆವು. ಐದು ಸಲವಾದರೂ ಬಣ್ಣ ಹೋಗಲಿಲ್ಲ. ಆಮೇಲೆ ಲೆಕ್ಕ: 80, 64, 51.2, 40.96, ಕೊನೆಗೆ 32.768. ಮೂರನೇ ಒಂದು ಭಾಗದಷ್ಟು ಹಳೆ ನೀರು ಇನ್ನೂ ಅಲ್ಲೇ ಇದೆ. "ಚಕ್ರಬಡ್ಡಿ ತಿರುಗಾಮುರುಗ" ಎಂದ ಒಬ್ಬ. ಚಕ್ರಬಡ್ಡಿಯ ಪಾಠಕ್ಕೆ ನಾನು ಬರೆದಿಟ್ಟಿದ್ದ ಬ್ಯಾಂಕಿನ ಉದಾಹರಣೆಗಳನ್ನು ಪಕ್ಕಕ್ಕಿಟ್ಟೆ.

ಇಲ್ಲಿಯ ತನಕ ಎಲ್ಲವೂ ಚೆನ್ನಾಗಿಯೇ ಇತ್ತು. ನಾನು ಎಡವಿದ್ದು ಇನ್ನೊಂದು ಕಡೆ.

ಆಷಾಢದ ಗಾಳಿಗೆ ತೊಟ್ಟಿಯ ನೀರು ವಾರಕ್ಕೆ ಎರಡು ಸೆಂಟಿಮೀಟರ್ ಇಳಿಯುತ್ತಿತ್ತು. ಲೆಕ್ಕ ಹಾಕಿದರೆ 3.6 ಲೀಟರ್ ಆವಿ. ಗಾಜಿನ ಮೇಲೆ, ನೀರಿದ್ದ ಮಟ್ಟಕ್ಕೆ ಸರಿಯಾಗಿ, ಬಿಳಿ ಗೆರೆ ಕಟ್ಟುತ್ತಿತ್ತು. ಆವಿಯಾಗುವುದು ನೀರು ಮಾತ್ರ, ಅದರಲ್ಲಿ ಕರಗಿರುವ ಲವಣ ಹಿಂದೆ ಉಳಿಯುತ್ತದೆ. ಇಳಿದಷ್ಟು ಕೊಳವೆಬಾವಿ ನೀರನ್ನೇ ಸೇರಿಸುತ್ತಾ ಹೋದರೆ ತೊಟ್ಟಿ ಗಡಸಾಗುತ್ತಲೇ ಹೋಗುತ್ತದೆ. ಅಣ್ಣ ಇಂಥ ಕಡೆ ಉಪ್ಪಿಲ್ಲದ ಆರ್‌ಒ ನೀರನ್ನೇ ಸೇರಿಸುತ್ತಾನೆ, ಇಲ್ಲದಿದ್ದರೆ ಅವನ ಸಮುದ್ರ ಉಪ್ಪೇರಿ ಹವಳ ಸಾಯುತ್ತದೆ. ನಾನೂ ಹಾಗೇ ಮಾಡೋಣ ಎಂದುಕೊಂಡು ತರಗತಿಯಲ್ಲಿ ಹೇಳಿದೆ: "ನೀರಿನ ಘಟಕದಲ್ಲಿ 5 ರೂಪಾಯಿ ನಾಣ್ಯ ಹಾಕಿದರೆ 20 ಲೀಟರ್ ಕ್ಯಾನು ಬರುತ್ತೆ. ಮೀನಿಗೆ ಅದನ್ನೇ ತರೋಣ."

ಲೆವೆಲ್ ಪೈಪು ತಂದಿದ್ದ ಹುಡುಗಿಯೇ ಕೇಳಿದಳು: "ನಮ್ಮನೇಲಿ ಕುಡಿಯಾಕೂ ಬೋರ್ ನೀರೇ ಮಿಸ್. ಮೀನಿಗೆ ಫಿಲ್ಟರ್ ನೀರಾ?"

ಅವಳ ದನಿಯಲ್ಲಿ ಕೋಪವಿರಲಿಲ್ಲ. ನಿಜವಾಗಿಯೇ ಕೇಳಿದ್ದಳು. ಅವರ ಹಟ್ಟಿಯಿಂದ ಘಟಕ ದೂರ, ಕ್ಯಾನು ತರಲು ಮನೆಯಲ್ಲಿ ಗಾಡಿಯಿಲ್ಲ. "ಆದ್ರೆ ನಮ್ಮಜ್ಜಿ ಚೆನ್ನಾಗಿ ಕುದಿಸಿ ಆರಿಸಿ ಕೊಡ್ತಾರೆ" ಎಂದೂ ಸೇರಿಸಿದಳು. ಶಿರಾ, ಪಾವಗಡ, ಮಧುಗಿರಿಯ ಕಡೆ ಅಂತರ್ಜಲದಲ್ಲಿ ಫ್ಲೋರೈಡ್ ಹೆಚ್ಚೆಂದು ಇಲ್ಲಿ ಓದಿದವರಿಗೆಲ್ಲ ಗೊತ್ತು. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರು ಇಲ್ಲದಿದ್ದರೆ 1.5ರ ತನಕ ಎಂಬುದು ಭಾರತೀಯ ಮಾನಕ. ಅದನ್ನು ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಮೊದಲು ಹಲ್ಲಿಗೆ ಕಂದು ಕಲೆ, ಆಮೇಲೆ ಮೂಳೆಗೆ ತೊಂದರೆ. ನನ್ನ ತರಗತಿಯಲ್ಲೇ ಕೈ ಅಡ್ಡ ಹಿಡಿದು ನಗುವ ಮಕ್ಕಳಿದ್ದರು. ಅದನ್ನು ನಾನು ನಾಚಿಕೆ ಎಂದುಕೊಂಡಿದ್ದೆ.

ಅವಧಿ ಮುಗಿದ ಗಂಟೆ ನನ್ನನ್ನು ಉಳಿಸಿತು. ಆದರೆ ಅಜ್ಜಿ ಕುದಿಸುವ ನೀರು ತಲೆಯಿಂದ ಹೋಗಲಿಲ್ಲ. ಮಾರನೆಯ ದಿನ ಯಾವ ಪಾಠಯೋಜನೆಯೂ ಇಲ್ಲದೆ ತರಗತಿಗೆ ಹೋದೆ. ಅದೇ ಕೊಳವೆಬಾವಿ ನೀರನ್ನು ಪಾತ್ರೆಯಲ್ಲಿ ಕುದಿಸಿ ಬತ್ತಿಸಿದೆವು. ತಳದಲ್ಲಿ ಬಿಳಿ ಪುಡಿ ಉಳಿಯಿತು. ತೊಟ್ಟಿಯ ಬಿಳಿ ಗೆರೆಯನ್ನು, ಪಾತ್ರೆಯ ತಳವನ್ನು ಒಟ್ಟಿಗೆ ತೋರಿಸಿದೆ. ಕುದಿಸಿದರೆ ರೋಗಾಣು ಸಾಯುತ್ತವೆ, ಅದು ಒಳ್ಳೆಯದೇ. ಫ್ಲೋರೈಡ್ ಮಾತ್ರ ಹೋಗುವುದಿಲ್ಲ. ನೀರು ಬತ್ತಿದಷ್ಟೂ ಉಳಿದದ್ದರಲ್ಲಿ ಅದರ ಪ್ರಮಾಣ ಏರುತ್ತದೆ. ಆ ಪುಡಿಯಲ್ಲಿ ಕಾಣುವುದು ಹೆಚ್ಚಾಗಿ ಬೇರೆ ಲವಣಗಳೇ, ಫ್ಲೋರೈಡ್ ಕಣ್ಣಿಗೆ ಕಾಣುವಂಥದ್ದಲ್ಲ ಎಂಬುದನ್ನೂ ಹೇಳಿದೆ. ಅಜ್ಜಿಯ ಕಾಳಜಿ ತಪ್ಪೆಂದು ಹೇಳಬೇಡ, ಅಜ್ಜಿಗೆ ಈ ಪಾತ್ರೆ ತೋರಿಸು ಎಂದು ಹುಡುಗಿಗೆ ಹೇಳಿದೆ.

ಮಾರ್ಗದರ್ಶಿ ಶಿಕ್ಷಕರು ಈ ಪಾಠವನ್ನು ಹಿಂದೆ ಕೂತು ನೋಡಿದ್ದರು. ಅವರೇ ಮುಖ್ಯಶಿಕ್ಷಕರ ಹತ್ತಿರ ಮಾತಾಡಿದರು. ಶಾಲೆಯಲ್ಲಿ ಕುಡಿಯಲು ಶುದ್ಧ ನೀರು ಇತ್ತು. ಬೇಕಾದ ಮಕ್ಕಳು ಸಂಜೆ ಮನೆಗೆ ಹೋಗುವಾಗ ತಮ್ಮ ಬಾಟಲಿ ತುಂಬಿಕೊಂಡು ಹೋಗಬಹುದು ಎಂದಾಯಿತು. ಒಂದು ಬಾಟಲಿಯಿಂದ ಊರಿನ ನೀರಿನ ಸಮಸ್ಯೆ ತೀರುವುದಿಲ್ಲವೆಂದು ನನಗೂ ಗೊತ್ತು. ಆದರೂ ಬೆಳೆಯುವ ಮಗುವಿಗೆ ದಿನಕ್ಕೆ ಒಂದು ಬಾಟಲಿ.

ಮೀನಿನ ತೊಟ್ಟಿಗೆ ಫಿಲ್ಟರ್ ನೀರು ತರಲಿಲ್ಲ. ಸೆಪ್ಟೆಂಬರಿನಲ್ಲಿ ಮಳೆ ಹಿಡಿಯಿತು. ಮೊದಲ ಮಳೆಗೆ ಮಾಳಿಗೆ ತೊಳೆದುಹೋಗಲು ಬಿಟ್ಟು, ಎರಡನೇ ಮಳೆಯ ನೀರನ್ನು ತಗಡಿನ ಸೂರಿನ ಕೆಳಗೆ ಡ್ರಮ್ಮಿನಲ್ಲಿ ಹಿಡಿದೆವು. ಸೊಳ್ಳೆಯಾಗದಂತೆ ಬಾಯಿಗೆ ಬಟ್ಟೆ ಕಟ್ಟಿದೆವು. ಮಳೆನೀರಿನಲ್ಲಿ ಲವಣ ಇಲ್ಲವೆನ್ನುವಷ್ಟು ಕಡಿಮೆ. ಶುಕ್ರವಾರ ಮಳೆನೀರಿನಿಂದ ಮೇಲಿನ ಗೆರೆಗೆ ತುಂಬಿಸುವುದು, ಶನಿವಾರ ಕೆಳಗಿನ ಗೆರೆಗೆ ಇಳಿಸಿ ಬಕೆಟ್ ನೀರು ಬಿಡುವುದು. ಈ ಅನುಕ್ರಮ ತಪ್ಪಬಾರದೆಂದು ಮಕ್ಕಳೇ ಒಂದು ರಟ್ಟಿನ ಮೇಲೆ ಬರೆದು ತೊಟ್ಟಿಯ ಪಕ್ಕ ನೇತುಹಾಕಿದರು.

ಅಣ್ಣನ ತೊಟ್ಟಿಯ ಫೋಟೋ ತೋರಿಸಿದಾಗ "ನಮಗೂ ಹವಳ ತನ್ನಿ ಮಿಸ್" ಎಂದು ಹಠ ಹಿಡಿದರು. ಅವರಲ್ಲಿ ಯಾರೂ ಸಮುದ್ರ ನೋಡಿರಲಿಲ್ಲ. ಒಂದು ಲೀಟರ್ ನೀರಿಗೆ 35 ಗ್ರಾಂ ಉಪ್ಪು ಹಾಕಿ ನಾಲಿಗೆಗೆ ಮುಟ್ಟಿಸಿದೆ. ಮುಖ ಕಿವುಚಿಕೊಂಡರು. ಸಮುದ್ರದಲ್ಲಿ ದಿಬ್ಬ ಕಟ್ಟುವ ಗಟ್ಟಿ ಹವಳಗಳಿಗೆ ನಮ್ಮ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದೆ, ಅವನ್ನು ಕೀಳುವುದು, ಮಾರುವುದು ಅಪರಾಧ ಎಂದು ಹೇಳಿದೆ. ಮುರ್ಡೇಶ್ವರದ ಹತ್ತಿರ ನೇತ್ರಾಣಿ ದ್ವೀಪದ ಸುತ್ತ ನಮ್ಮ ಕರ್ನಾಟಕದ ಹವಳಗಳೇ ಇವೆ, ಒಂದು ದಿನ ಅಲ್ಲೇ ಹೋಗಿ ನೋಡಿ ಎಂದೆ.

ದಸರಾ ರಜೆಯಲ್ಲಿ ನನಗೆ ಭಯವಿತ್ತು. ಶಾಲೆಯ ಹಿಂದಿನ ಬೀದಿಯ ಇಬ್ಬರು ಮಕ್ಕಳಿಗೆ ಕಾಳು ಹಾಕುವ ಜವಾಬ್ದಾರಿ ಕೊಟ್ಟು, ಎರಡು ದಿನಕ್ಕೊಮ್ಮೆ ಮಾತ್ರ, ಅದೂ ಚಿಟಿಕೆಯಷ್ಟು ಎಂದು ಕಟ್ಟಪ್ಪಣೆ ಮಾಡಿದೆ. ಮಿಕ್ಕ ಆಹಾರವೇ ಕೊಳೆತು ಅಮೋನಿಯಾ ಆಗುತ್ತದೆ. ರಜೆ ಮುಗಿಸಿ ಬಂದಾಗ ಮೂರು ಮೀನುಗಳ ಜೊತೆ ಕಣ್ಣಿಗೆ ಕಂಡೂ ಕಾಣದಷ್ಟು ಸಣ್ಣ ಮರಿಗಳಿದ್ದವು. ಎಣಿಸುವುದರಲ್ಲಿ ಒಂದು ಅವಧಿ ಹೋಯಿತು. ಒಬ್ಬೊಬ್ಬರ ಲೆಕ್ಕ ಒಂದೊಂದು.

ಇಂಟರ್ನ್‌ಶಿಪ್ಪಿನ ದಿನಚರಿ ತಿರುವಿ ಹಾಕಿದಾಗ ಇನ್ನೊಂದು ವಿಷಯ ಕಣ್ಣಿಗೆ ಬಿತ್ತು. ಹಿಂದುಳಿದ ಐದು ಮಕ್ಕಳಿಗೆ ಪರಿಹಾರ ಬೋಧನೆಯನ್ನು ನಾನು ಕೊನೆಯ ವಾರಕ್ಕೆ, ಒಟ್ಟಿಗೆ, ಎಂದು ಬರೆದಿಟ್ಟಿದ್ದೆ. ತೊಟ್ಟಿಯನ್ನು ಮೊದಲ ಶನಿವಾರ ತೊಳೆದದ್ದೂ ಹೀಗೆಯೇ. ಉಳಿದಿದ್ದ ಐದು ವಾರಗಳಲ್ಲಿ ಅದನ್ನು ದಿನಕ್ಕೆ ಹತ್ತು ನಿಮಿಷದಂತೆ, ಬಿಸಿಯೂಟದ ನಂತರ, ಅದೇ ಜಗುಲಿಯಲ್ಲಿ ಹಂಚಿದೆ. ಐವರಲ್ಲಿ ಮೂವರು ಶೇಕಡಾವಾರು ಲೆಕ್ಕ ತಾವಾಗಿ ಮಾಡುವಷ್ಟಾದರು. ಉಳಿದ ಇಬ್ಬರ ಹೆಸರನ್ನು, ಎಲ್ಲಿ ತಡವರಿಸುತ್ತಾರೆ ಎಂಬುದನ್ನು ಬರೆದು ಮಾರ್ಗದರ್ಶಿ ಶಿಕ್ಷಕರಿಗೆ ಕೊಟ್ಟು ಬಂದೆ.

ಕೊನೆಯ ಶನಿವಾರ ನಾನೇ ನೀರು ಬದಲಿಸುತ್ತೇನೆಂದು ಪೈಪು ತೆಗೆದುಕೊಂಡೆ. ನೀರು ತುಂಬಿ, ಎರಡೂ ತುದಿ ಹಿಡಿದು, ಇನ್ನೇನು ಬೆರಳು ಬಿಡಬೇಕು ಅನ್ನುವಾಗ ಮೇಸ್ತ್ರಿಯ ಮಗಳು ನನ್ನ ಕೈ ಹಿಡಿದು ನಿಲ್ಲಿಸಿದಳು.

"ಗುಳ್ಳೆ ಐತೆ ಮಿಸ್. ಇನ್ನೊಂದ್ ಸಲ ತುಂಬಿ."